ಎ320 ಟೈಪ್ ರೇಟಿಂಗ್: ಫೌಜಿಗೂ ಕೆಡೆಟ್‌ಗೂ ಒಂದೇ ಕೋರ್ಸ್ ಕೊಟ್ಟರೆ ಯಾರಿಗೆ ಏನು ದಕ್ಕುತ್ತದೆ?

ವಾಯುಪಡೆಯಲ್ಲಿ ವರ್ಷಗಟ್ಟಲೆ ಹಾರಿಸಿ ಬಂದವರು, ಫ್ಲೈಯಿಂಗ್ ಸ್ಕೂಲಿನಲ್ಲಿ 200 ಗಂಟೆ ಮುಗಿಸಿ ಸಿಪಿಎಲ್ (ವೃತ್ತಿ ಪೈಲಟ್ ಪರವಾನಗಿ) ಕೈಗೆ ಬಂದ ಕೆಡೆಟ್‌ಗಳು, ಇಬ್ಬರೂ ಪಕ್ಕಪಕ್ಕ ಕೂತು ಕಲಿಯುವ ಜಾಗ ಟೈಪ್ ರೇಟಿಂಗ್ ಸಿಮ್ಯುಲೇಟರ್. ಟೈಪ್ ರೇಟಿಂಗ್ ಎಂದರೆ ಒಂದು ನಿರ್ದಿಷ್ಟ ಮಾದರಿಯ ವಿಮಾನ ಹಾರಿಸಲು ಬೇಕಾದ ಅರ್ಹತೆ. ನಮ್ಮಲ್ಲಿ ಹೆಚ್ಚಿನವರಿಗೆ ಸಿಗುವುದು ಏರ್‌ಬಸ್ ಎ320. ಫೌಜಿ (ಸೇನೆಯಿಂದ ಬಂದವನು) ದೊಡ್ಡವನೋ ಸಿವಿಲಿಯನ್ ದೊಡ್ಡವನೋ ಎಂಬ ಕ್ರೂ ರೂಮಿನ ಜಗ್ಗಾಟವೂ ಇಲ್ಲೇ ಶುರುವಾಗುತ್ತದೆ. ಕೋರ್ಸ್ ಒಳ್ಳೆಯದೇ. ಆದರೆ ಇಬ್ಬರಿಗೂ ಒಂದೇ ಅಳತೆಯ ಅಂಗಿ ಹೊಲಿದು ಕೊಡುತ್ತಾರೆ, ಅದೇ ಇದರ ದೊಡ್ಡ ಕೊರತೆ.

ಮೊದಲು ಗ್ರೌಂಡ್ ಸ್ಕೂಲ್. ಹೈಡ್ರಾಲಿಕ್, ಎಲೆಕ್ಟ್ರಿಕಲ್, ಫ್ಲೈಟ್ ಕಂಟ್ರೋಲ್ ಎಲ್ಲ ಕಂಪ್ಯೂಟರ್ ಮುಂದೆ ಕೂತು ಓದಿ ಪರೀಕ್ಷೆ ಬರೆಯುವ ಭಾಗ. ಇದರಲ್ಲಿ ಕೆಡೆಟ್‌ಗಳು ಮುಂದೆ. ವಿಮಾನಯಾನ ನಿಯಂತ್ರಕ ಡಿಜಿಸಿಎಯ ಪರೀಕ್ಷಾ ಪತ್ರಿಕೆಗಳನ್ನು ಈಚೆಗಷ್ಟೇ ಪಾಸು ಮಾಡಿ ಬಂದಿರುತ್ತಾರೆ, ಓದು ಇನ್ನೂ ಬಿಸಿ ಇರುತ್ತದೆ. ಈ ಭಾಗದ ಬಗ್ಗೆ ದೂರಿಲ್ಲ.

ಕೊಟ್ಟ ದುಡ್ಡಿನ ನಿಜವಾದ ಬೆಲೆ ಇರುವುದು ಫುಲ್ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ. ನಾಲ್ಕು ಗಂಟೆಯ ಸೆಷನ್ನಿನಲ್ಲಿ ಎರಡು ಗಂಟೆ ನೀವು ಪೈಲಟ್ ಫ್ಲೈಯಿಂಗ್ (ಹಾರಿಸುವವರು), ಉಳಿದೆರಡು ಗಂಟೆ ಪೈಲಟ್ ಮಾನಿಟರಿಂಗ್ (ಗಮನಿಸಿ ನೆರವಾಗುವವರು). ಪೂರ್ತಿ ನಾಲ್ಕು ಗಂಟೆಯೂ ನಿಮ್ಮದೇ ಪಾಠ ಎಂದುಕೊಳ್ಳಿ. ಜೊತೆಗಾರ ಹಾರಿಸುವಾಗ ಕೈಕಟ್ಟಿ ಕೂತರೆ ಅರ್ಧ ದುಡ್ಡು ನೀರಿಗೆ ಹಾಕಿದಂತೆ.

ಬಲಗಡೆ ಸೀಟಿನಲ್ಲಿ ಮಾಜಿ ಫೈಟರ್ ಪೈಲಟ್ ಕೂತರೆ ಮೊದಲ ದಿನ ಎಲ್ಲವೂ ಪರಿಚಿತ ಅನಿಸುತ್ತದೆ: ಬಲಗೈಗೆ ಸ್ಟಿಕ್, ಎಡಗೈಗೆ ಥ್ರಸ್ಟ್ ಲಿವರ್. ಬೀದರಿನಲ್ಲಿ ಹಾಕ್ ತರಬೇತಿ ಜೆಟ್ ಹಾರಿಸಿದ ಕೈಗೆ ಇದು ಹೊಸದಲ್ಲ. ಎಡವುವುದೂ ಇಲ್ಲೇ. ಅಲ್ಲಿ ಹೆಬ್ಬೆರಳಿನ ಕೆಳಗೆ ಟ್ರಿಮ್ (ಸ್ಟಿಕ್ ಮೇಲಿನ ಒತ್ತಡ ಇಳಿಸುವ ಹೊಂದಾಣಿಕೆ) ಸ್ವಿಚ್ ಇತ್ತು. ಎ320ರಲ್ಲಿ ಟ್ರಿಮ್ ತಾನಾಗಿಯೇ ಆಗುತ್ತದೆ, ಹೆಬ್ಬೆರಳಿಗೆ ಸಿಗುವುದು ಆಟೋಪೈಲಟ್ ಕಳಚುವ ಕೆಂಪು ಗುಂಡಿ. ಅಲ್ಲಿ ಥ್ರಾಟಲ್ ಹಿಡಿದ ಕೈಗೇ ಎಂಜಿನ್ನಿನ ನಾಡಿ ಗೊತ್ತಾಗುತ್ತಿತ್ತು. ಇಲ್ಲಿ ಆಟೋಥ್ರಸ್ಟ್ (ಎಂಜಿನ್ ಪವರ್ ತಾನೇ ನೋಡಿಕೊಳ್ಳುವ ವ್ಯವಸ್ಥೆ) ಇದ್ದಾಗ ಲಿವರ್ ಕ್ಲೈಂಬ್ ಡಿಟೆಂಟ್‌ನಲ್ಲಿ ಅಲುಗಾಡದೆ ಕೂತಿರುತ್ತದೆ, ಪವರ್ ಏರುವುದು ಇಳಿಯುವುದು ಕೈಗೆ ತಿಳಿಯುವುದೇ ಇಲ್ಲ. ಕಣ್ಣು ಎಂಜಿನ್ ಪವರ್ ತೋರಿಸುವ ಎನ್1 ಮೇಲೆ, ಮುಂದಿನ ಹತ್ತು ಸೆಕೆಂಡಿನ ವೇಗ ತೋರಿಸುವ ಹಳದಿ ಬಾಣದ ಮೇಲೆ ಇರಬೇಕು. ಇನ್ನೊಂದು ಮಾತು: ಟೇಕಾಫ್ ಓಟದಲ್ಲಿ ಪವರ್ ಕೊಟ್ಟ ಮೇಲೆ ವಿ1 (ಇದಾದ ಮೇಲೆ ಟೇಕಾಫ್ ನಿಲ್ಲಿಸುವಂತಿಲ್ಲ ಎಂಬ ವೇಗ) ತನಕ ಲಿವರ್ ಮೇಲೆ ಇರುವ ಕೈ ಕ್ಯಾಪ್ಟನ್‌ದು. ನಿಲ್ಲಿಸುವ ತೀರ್ಮಾನ ಅವರದೇ. ಕೈ ಬಿಟ್ಟುಕೊಡುವ ಈ ಕ್ಷಣ ಫೈಟರ್ ಕಾಕ್‌ಪಿಟ್‌ನಲ್ಲಿ ಒಬ್ಬರೇ ಕೂತು ಬಂದವರಿಗೆ ಬಹಳ ಕಷ್ಟ.

ವಿ1 ದಾಟಿದ ಕೂಡಲೇ ಎಂಜಿನ್ ಕೈಕೊಡುವ ಪಾಠದಲ್ಲಿ ಇಬ್ಬರೂ ಬೇರೆ ಬೇರೆ ರೀತಿ ತಪ್ಪುತ್ತಾರೆ. ಮೂಗು ಸತ್ತ ಎಂಜಿನ್ನಿನ ಕಡೆ ಹೊರಳುತ್ತದೆ, ಬದುಕಿರುವ ಎಂಜಿನ್ನಿನ ಕಡೆಯ ಪೆಡಲ್ ಒತ್ತಿ ರನ್‌ವೇ ನಡುಗೆರೆ ಹಿಡಿಯಬೇಕು. ಮೂಗನ್ನು ಸುಮಾರು 12.5 ಡಿಗ್ರಿಗೆ ಎತ್ತಿ, ಗಾಳಿಗೆ ಬಿದ್ದ ಮೇಲೆ ಪರದೆಯ ನೀಲಿ ಬೀಟಾ ಟಾರ್ಗೆಟ್ (ವಿಮಾನ ಓರೆ ಸಾಗುವುದನ್ನು ತೋರಿಸುವ ಗುರುತು) ಮಧ್ಯಕ್ಕೆ ಬರುವಷ್ಟು ಪೆಡಲ್ ಇಡಬೇಕು. ಕೆಡೆಟ್ ಪೆಡಲ್ ತಡವಾಗಿ ಒತ್ತಿ, ಓರೆಯಾದ ರೆಕ್ಕೆಯನ್ನು ಸ್ಟಿಕ್‌ನಿಂದ ಸರಿ ಮಾಡಲು ಹೋಗುತ್ತಾನೆ. ಆಗ ರೆಕ್ಕೆಯ ಮೇಲೆ ಸ್ಪಾಯ್ಲರ್ ಎದ್ದು ಡ್ರ್ಯಾಗ್ ಹೆಚ್ಚುತ್ತದೆ, ಏರುವ ಶಕ್ತಿ ಕುಗ್ಗುತ್ತದೆ. ಹಾಕ್‌ಗೆ ಇರುವುದು ಒಂದೇ ಎಂಜಿನ್. ಹಾಗಾಗಿ ಅದರಿಂದ ಬಂದವರ ಕಾಲಿಗೂ ಈ ಅಭ್ಯಾಸ ಇರುವುದಿಲ್ಲ. ಆದರೆ ವಿಮಾನ ಕೈಗೆ ಬೇಗ ಸಿಗುತ್ತದೆ. ಅವರ ತೊಂದರೆ ಅವಸರ: 400 ಅಡಿ ದಾಟುವ ಮುಂಚೆಯೇ ಇಕ್ಯಾಮ್ (ದೋಷವನ್ನೂ ಅದಕ್ಕೆ ಮಾಡಬೇಕಾದದ್ದನ್ನೂ ತೋರಿಸುವ ಪರದೆ) ಹೇಳುವ ಕೆಲಸ ಶುರು ಮಾಡಿ, ಜೊತೆಗಾರ ಓದಿ ಖಚಿತಪಡಿಸುವುದಕ್ಕೂ ಕಾಯದೆ ಕೈ ಹಾಕಿಬಿಡುತ್ತಾರೆ. ಎರಡು ತಪ್ಪಿಗೂ ಒಂದೇ ಸಂಖ್ಯೆಯ ಸೆಷನ್ ಕೊಡುವುದು ಸರಿಯಲ್ಲ. ಕೆಡೆಟ್‌ಗೆ ಇದನ್ನೇ ಇನ್ನೂ ಹತ್ತು ಸಲ ಮಾಡಿಸಬೇಕು, ಫೌಜಿಗೆ ನಿಧಾನವಾಗಿ ಮಾಡಿಸಬೇಕು.

ಫೌಜಿ ಎಂದರೆ ಎಲ್ಲರೂ ಫೈಟರ್ ಅಲ್ಲ ಎಂಬುದನ್ನು ಕೋರ್ಸಿನವರೇ ಮರೆಯುತ್ತಾರೆ. ಯಲಹಂಕ ವಾಯುನೆಲೆಯಲ್ಲಿ ಸಾರಿಗೆ ವಿಮಾನ ಕಲಿತು ಎಎನ್-32 ಹಾರಿಸಿದವರು ಎರಡು ಎಂಜಿನ್, ಇಬ್ಬರು ಪೈಲಟ್, ಚೆಕ್‌ಲಿಸ್ಟ್ ಓದು ಎಲ್ಲಕ್ಕೂ ಒಗ್ಗಿದವರು. ಅವರಿಗೆ ಬೇಕಾದದ್ದು ಆಟೋಪೈಲಟ್ ಈಗ ಏನು ಮಾಡುತ್ತಿದೆ ಎಂದು ತೋರಿಸುವ ಎಫ್‌ಎಂಎ ಓದುವ ಅಭ್ಯಾಸ ಮಾತ್ರ: ಪರದೆಯ ಮೇಲ್ಗಡೆ ಬದಲಾಗುವ ಪ್ರತಿ ಅಕ್ಷರವನ್ನೂ ಬಾಯಿಬಿಟ್ಟು ಹೇಳುವುದು.

ಇಳಿಯುವ ಪಾಠಕ್ಕೆ ಬಂದರೆ ಗೇಲಿ ಜೋರಾಗುತ್ತದೆ. ಫೌಜಿ ವಿಮಾನ ಇಳಿಸುವುದಿಲ್ಲ, ನೆಲಕ್ಕೆ ಕುಕ್ಕುತ್ತಾನೆ ಎಂದು ಇವರು. ಆಟೋಪೈಲಟ್ ಕಿತ್ತುಕೊಂಡರೆ ಕೆಡೆಟ್ ಅಳುತ್ತಾನೆ ಎಂದು ಅವರು. ಎರಡರಲ್ಲೂ ಸ್ವಲ್ಪ ಸತ್ಯವಿದೆ. ಹಡಗಿನ ಮೇಲೆ ಇಳಿದ ನೌಕಾಪಡೆಯವರಿಗೆ ಫ್ಲೇರ್ ಮಾಡದೆ (ತಾಗುವ ಮುನ್ನ ಮೂಗು ಎತ್ತದೆ) ಇಳಿದು, ತಾಗಿದ ಕೂಡಲೇ ಪವರ್ ಪೂರ್ತಿ ಕೊಡುವುದು ರೂಢಿ, ಕೊಕ್ಕೆ ತಂತಿಗೆ ಸಿಗದಿದ್ದರೆ ಮತ್ತೆ ಹಾರಬೇಕಲ್ಲ. ಎ320ರಲ್ಲಿ ತದ್ವಿರುದ್ಧ: ಸುಮಾರು 30 ಅಡಿಯಲ್ಲಿ ಫ್ಲೇರ್, 20 ಅಡಿಗೆ 'ರಿಟಾರ್ಡ್' ಎಂಬ ದನಿ, ಲಿವರ್ ಪೂರ್ತಿ ಐಡಲ್‌ಗೆ. 30 ಅಡಿಯಿಂದ ಕಂಪ್ಯೂಟರ್ ತಾನೇ ಮೂಗನ್ನು ಮೆಲ್ಲಗೆ ಕೆಳಗೊತ್ತುವುದರಿಂದ ಸ್ಟಿಕ್ ಹಿಂದಕ್ಕೆ ಹಿಡಿದೇ ಇರಬೇಕು. ಕೆಡೆಟ್‌ಗೆ ಕಷ್ಟ ಇನ್ನೊಂದು ಕಡೆ. ಫ್ಲೈಟ್ ಡೈರೆಕ್ಟರ್ (ಎತ್ತ ಹಾರಿಸಬೇಕೆಂದು ಪರದೆಯಲ್ಲಿ ತೋರುವ ಗೆರೆಗಳು) ಮತ್ತು ಆಟೋಥ್ರಸ್ಟ್ ಎರಡನ್ನೂ ತೆಗೆದು, ರನ್‌ವೇಗೆ ದಾರಿ ತೋರುವ ರೇಡಿಯೋ ವ್ಯವಸ್ಥೆಯಾದ ಐಎಲ್‌ಎಸ್ ಹಾರಿಸು ಎಂದರೆ ಲೆಕ್ಕ ತಪ್ಪುತ್ತದೆ. ನೆಲವೇಗವನ್ನು ಐದರಿಂದ ಗುಣಿಸಿದರೆ ಮೂರು ಡಿಗ್ರಿ ಇಳಿಜಾರಿನ ಇಳಿತ ಸಿಗುತ್ತದೆ, 140 ನಾಟ್‌ಗೆ ನಿಮಿಷಕ್ಕೆ 700 ಅಡಿ. ಲಿವರನ್ನು ಈಗಿರುವ ಪವರ್‌ಗೆ ಸರಿಹೊಂದಿಸಿಯೇ ಆಟೋಥ್ರಸ್ಟ್ ಕಳಚಬೇಕು. ಇಲ್ಲದಿದ್ದರೆ ಪವರ್ ಒಮ್ಮೆಲೇ ಕ್ಲೈಂಬ್ ಮಟ್ಟಕ್ಕೆ ಜಿಗಿಯುತ್ತದೆ. ಈ ಪಾಠಕ್ಕೆ ಬಹುತೇಕ ಕಡೆ ಕೊಡುವ ಸಮಯ ಸಾಲದು.

ಜಗ್ಗಾಟ ಕಾಕ್‌ಪಿಟ್ ಒಳಗೆ ಬಂದರೆ ಏನಾಗುತ್ತದೆ ಎಂದು ವಿಮಾನವೇ ತೋರಿಸುತ್ತದೆ. ಎರಡು ಸೈಡ್‌ಸ್ಟಿಕ್‌ಗೂ ಯಾಂತ್ರಿಕ ಕೊಂಡಿ ಇಲ್ಲ. ಇಬ್ಬರೂ ಒಟ್ಟಿಗೆ ಅಲುಗಾಡಿಸಿದರೆ ಕಂಪ್ಯೂಟರ್ ಎರಡನ್ನೂ ಕೂಡಿಸುತ್ತದೆ. ಎತ್ತು ಏರಿಗೆಳೆದು ಕೋಣ ನೀರಿಗೆಳೆದರೆ ಮೊತ್ತ ಸೊನ್ನೆ. ಎರಡು ಹಸಿರು ದೀಪ ಮಿನುಗಿ 'ಡ್ಯುಯಲ್ ಇನ್‌ಪುಟ್' ಎಂದು ದನಿ ಬರುತ್ತದೆ. ಸಹಾಯ ಮಾಡುತ್ತೇನೆಂದು ಮೆಲ್ಲಗೆ ಸ್ಟಿಕ್ ಮುಟ್ಟುವುದು ಬೇಡವೇ ಬೇಡ. 'ಐ ಹ್ಯಾವ್ ಕಂಟ್ರೋಲ್' ಎಂದು ಕೆಂಪು ಗುಂಡಿ ಒತ್ತಿ ಹಿಡಿಯಿರಿ, ಇಲ್ಲವೇ ಕೈ ತೆಗೆಯಿರಿ.

ಕೋರ್ಸಿನ ಅತ್ಯುತ್ತಮ ಭಾಗ ಗೋ ಅರೌಂಡ್ (ಇಳಿಯುವುದನ್ನು ಬಿಟ್ಟು ಮತ್ತೆ ಏರುವುದು) ಸೆಷನ್. ಅದೂ ಫೌಜಿ ಮತ್ತು ಕೆಡೆಟ್ ಜೋಡಿಯಾದಾಗ. ನಿಗದಿಯಾದ ಎತ್ತರದಲ್ಲಿ ಅಪ್ರೋಚ್ ಸ್ಥಿರವಾಗಿಲ್ಲ ಎಂದರೆ 'ಗೋ ಅರೌಂಡ್' ಎಂದು ಚಿಕ್ಕವನು ಹೇಳಬೇಕು, ವಿಂಗ್ ಕಮಾಂಡರ್ ಆಗಿದ್ದವರು ಕೇಳಬೇಕು. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನ ಸತ್ತ ಅಪಘಾತದ ತನಿಖೆ ಹೇಳಿದ್ದೂ ಇದನ್ನೇ: ಫಸ್ಟ್ ಆಫೀಸರ್ ಮೂರು ಸಲ ಗೋ ಅರೌಂಡ್ ಎಂದರೂ ಕ್ಯಾಪ್ಟನ್ ಅಸ್ಥಿರ ಅಪ್ರೋಚ್ ಬಿಡಲಿಲ್ಲ. ಇಬ್ಬರು ಕೆಡೆಟ್‌ಗಳನ್ನೋ ಇಬ್ಬರು ಫೌಜಿಗಳನ್ನೋ ಜೋಡಿ ಮಾಡಿದರೆ ಈ ಅಭ್ಯಾಸಕ್ಕೆ ಅರ್ಧ ಬಲವೂ ಬರುವುದಿಲ್ಲ. ಈ ಭಾಗಕ್ಕೆ ಐದಕ್ಕೆ ಐದು, ಕೈಹಾರಾಟಕ್ಕೆ ಎರಡು, ಒಟ್ಟಾರೆ ಮೂರೂವರೆ.

ದುಡ್ಡು ಕಟ್ಟುವ ಮುಂಚೆ ಜೊತೆಗಾರ ಯಾರು, ನಡುವೆ ಬಿಟ್ಟುಹೋದರೆ ಯಾರನ್ನು ಕೂರಿಸುತ್ತಾರೆ, ಹೆಚ್ಚುವರಿ ಸೆಷನ್ನಿಗೆ ಎಷ್ಟು, ಪರೀಕ್ಷಕರ ಶುಲ್ಕ ಸೇರಿದೆಯೇ, ನಿಜವಾದ ವಿಮಾನದಲ್ಲಿ ಮಾಡಬೇಕಾದ ಲ್ಯಾಂಡಿಂಗ್‌ಗಳ ಹೊಣೆ ಯಾರದು ಎಂಬುದನ್ನು ಬರವಣಿಗೆಯಲ್ಲೇ ಪಡೆಯಿರಿ. ಕಾಕ್‌ಪಿಟ್ ಪೋಸ್ಟರ್ ತಂದು ಗೋಡೆಗೆ ಅಂಟಿಸಿ, ಜೊತೆಗಾರನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು ಮೊದಲ ಸೆಷನ್ನಿಗೆ ಮುಂಚೆಯೇ ಕಾಲ್‌ಔಟ್‌ಗಳನ್ನು ಬಾಯಿಪಾಠ ಮಾಡಿ. ಸಿಮ್ಯುಲೇಟರ್ ಒಳಗೆ ಆ ಪದ ಹುಡುಕುತ್ತ ಕಳೆಯುವ ನಿಮಿಷಕ್ಕೂ ನೀವೇ ದುಡ್ಡು ಕೊಟ್ಟಿರುತ್ತೀರಿ.