ಒಂಬತ್ತನೇ ಕಂತಿನಿಂದ ಶುರುಮಾಡಿ: ‘ಕ್ರುಸೇಡ್’ ಡಿವಿಡಿ ಸೆಟ್

ಈ ಸೆಟ್ ತರಿಸಿದ್ದು ಮನೆಯೊಳಗಿನ ಒಂದು ಜಗಳ ತೀರಿಸೋಕೆ. ತೀರಲಿಲ್ಲ, ಅದು ಬೇರೆ ಮಾತು.

ನಾನು, ನನ್ನ ಅಕ್ಕ, ಅವಳ ಮಗ, ಮೂವರಿಗೂ ‘ಬ್ಯಾಬಿಲಾನ್ 5’ ಅನ್ನೋ ಬಾಹ್ಯಾಕಾಶ ನಿಲ್ದಾಣದ ಕಥೆಯ ಧಾರಾವಾಹಿಯ ಹುಚ್ಚು. 1994ರಿಂದ 1998ರವರೆಗೆ ಅಮೆರಿಕದ ಟಿವಿಯಲ್ಲಿ ಬಂದ ಐದು ಸೀಸನ್, 110 ಕಂತು; ಅದರಲ್ಲಿ 92 ಕಂತು ಜೆ. ಮೈಕಲ್ ಸ್ಟ್ರಾಜಿನ್ಸ್ಕಿ ಒಬ್ಬನೇ ಕೂತು ಬರೆದದ್ದು. ಎರಡನೇ ಸಲ ಪೂರ್ತಿ ನೋಡಿ ಮುಗಿಸಿದ ರಾತ್ರಿ ಚರ್ಚೆ ಶುರುವಾಯಿತು: ಈ ಕಥೆಯ ಬುಡದಿಂದ ಇನ್ನೊಂದು ಧಾರಾವಾಹಿ ಚಿಗುರೋದಾದರೆ ಅದು ಯಾರ ಕಥೆ ಆಗಬೇಕು?

ಅಕ್ಕನದು ಒಂದೇ ಹಟ, ಟೆಲಿಪಾತ್‌ಗಳ ಯುದ್ಧ. ಮನಸ್ಸು ಓದಬಲ್ಲವರನ್ನೆಲ್ಲ ಸೈ ಕೋರ್ ಎಂಬ ಸಂಸ್ಥೆ ಮುಷ್ಟಿಯಲ್ಲಿ ಇಟ್ಟುಕೊಂಡಿತ್ತಲ್ಲ, ಅದು ಬಿದ್ದಿದ್ದು ಹೇಗೆ ಅಂತ ಮೂಲ ಧಾರಾವಾಹಿ ತೋರಿಸಲೇ ಇಲ್ಲ ಅನ್ನೋದು ಅವಳ ತಕರಾರು. ಹುಡುಗನಿಗೆ ಭೂಮಿಯವರಿಗೂ ಮಿನ್‌ಬಾರಿ ಎಂಬ ಅನ್ಯಗ್ರಹದ ಜನಕ್ಕೂ ನಡೆದ ಯುದ್ಧ ಬೇಕು, ಹಡಗಿನ ಮೇಲೆ ಹಡಗು ಸಿಡಿಯಬೇಕು. ಅದನ್ನ 1998ರ ‘ಇನ್ ದ ಬಿಗಿನಿಂಗ್’ ಟಿವಿ ಚಿತ್ರದಲ್ಲೇ ಹೇಳಿದ್ದಾರಲ್ಲೋ ಅಂದರೆ, “ಒಂದೂವರೆ ಗಂಟೇಲಿ ಯುದ್ಧ ಮುಗಿಯುತ್ತಾ ಮಾಮ?” ಅಂತಾನೆ. ನನಗೆ ಯಾವ ಯುದ್ಧವೂ ಬೇಡ. ಯುದ್ಧ ಮುಗಿದ ಮೇಲೆ ಗಾಜಿನ ಚೂರು ಆಯುವವರ ಕಥೆ ಬೇಕು. “ಅದನ್ನ ಯಾರು ನೋಡ್ತಾರೆ?” ಅಂದಳು ಅಕ್ಕ. ಆಗಲೇ ಒಂದು ಸಲ ಮಾಡಿದ್ದಾರೆ, ತರಿಸಿ ತೋರಿಸ್ತೀನಿ ಅಂದೆ.

‘ಕ್ರುಸೇಡ್’ 1999ರಲ್ಲಿ ಟಿಎನ್‌ಟಿ ಚಾನೆಲ್‌ನಲ್ಲಿ ಬಂದದ್ದು. ಇರುವುದು ಬರೀ 13 ಕಂತು. ಮೊದಲ ಕಂತು ಪ್ರಸಾರ ಆಗೋ ಮೊದಲೇ ಧಾರಾವಾಹಿ ನಿಂತುಹೋಗಿತ್ತು, ಹೆಸರಿಡೋ ಮುಂಚೆ ತಿಥಿ ಮಾಡಿದ ಹಾಗೆ. ಕಥೆ ಇಷ್ಟು: ಡ್ರಾಖ್ ಎಂಬ ಜನ ಭೂಮಿಯ ಮೇಲೆ ಒಂದು ಪಿಡುಗು ಬಿಟ್ಟು ಹೋಗಿದ್ದಾರೆ. ಐದು ವರ್ಷದೊಳಗೆ ಮದ್ದು ಸಿಗದಿದ್ದರೆ ಭೂಮಿಯ ಮೇಲೆ ಒಬ್ಬರೂ ಉಳಿಯಲ್ಲ. ಮದ್ದು ಹುಡುಕುತ್ತ ಎಕ್ಸ್‌ಕ್ಯಾಲಿಬರ್ ಎಂಬ ಹಡಗು ಹೊರಡುತ್ತೆ. ಕ್ಯಾಪ್ಟನ್ ಗಿಡಿಯನ್ ಆಗಿ ಗ್ಯಾರಿ ಕೋಲ್.

ದೊಡ್ಡ ಕೊರತೆಯನ್ನ ಮೊದಲೇ ಹೇಳಿಬಿಡ್ತೀನಿ. ಮೂಲ ಧಾರಾವಾಹಿಯ ನಾಲ್ಕನೇ ಸೀಸನ್ನಿನ ಕೊನೆಯ ಕಂತು ನೂರು, ಐನೂರು, ಸಾವಿರ ವರ್ಷ ಮುಂದಕ್ಕೆ ಹಾರಿ ತೋರಿಸಿದೆ. ಭೂಮಿಯ ಮೇಲೆ ಆಗಲೂ ಜನ ಇದ್ದಾರೆ. ಅಂದಮೇಲೆ ಈ ರೋಗದಿಂದ ಯಾರೂ ನಿರ್ವಂಶ ಆಗಲ್ಲ ಅಂತ ನಮಗೆ ಗೊತ್ತು. ಗಡಿಯಾರ ಟಿಕ್ ಟಿಕ್ ಅಂತಿರುತ್ತೆ, ಎದೆ ಮಾತ್ರ ಡವಡವ ಅನ್ನಲ್ಲ. ಸ್ಟ್ರಾಜಿನ್ಸ್ಕಿಗೂ ಇದು ತಿಳಿದಿತ್ತು. ರೋಗದ ಕಥೆಯನ್ನ ಬೇಗ ಮುಗಿಸಿ ಬೇರೆ ದಾರಿ ಹಿಡಿಯುವುದು ಅವನ ಯೋಜನೆಯಾಗಿತ್ತು. ಅಷ್ಟು ದೂರ ಹೋಗೋಕೆ ಬಿಡಲಿಲ್ಲ.

ಈಗ ಶೀರ್ಷಿಕೆಯ ವಿಷಯ. ಐದು ಕಂತು ಚಿತ್ರೀಕರಣ ಆದಮೇಲೆ ಚಾನೆಲ್ ಕೆಲಸ ನಿಲ್ಲಿಸಿ ಬದಲಾವಣೆ ಕೇಳಿತು. ಮೊದಲ ಕಂತು ಬೇರೆ ಬೇಕು, ಹೊಡೆದಾಟ ಬೇಕು, ಸಮವಸ್ತ್ರವೂ ಬೇರೆ ಬೇಕು. ಆಮೇಲೆ ಇನ್ನೂ ಎಂಟು ತೆಗೆದರು. ಪ್ರಸಾರ ಮಾಡುವಾಗ ಆ ಎಂಟು ಮುಂದೆ ಬಂದವು, ಮೊದಲು ತೆಗೆದ ಐದು ಬಾಲಕ್ಕೆ ಹೋದವು. ಡಿಸ್ಕ್‌ನಲ್ಲೂ ಅದೇ ಕ್ರಮ. ಬಟ್ಟೆ ಬದಲಾಗಿದ್ದಕ್ಕೆ ಕಾರಣ ಹೇಳಬೇಕಲ್ಲ, ಅದಕ್ಕೆ ಎಂಟನೇ ಕಂತಿನಲ್ಲಿ ಹಡಗಿನವರ ವರ್ಚಸ್ಸು ಸುಧಾರಿಸ್ತೀನಿ ಅಂತ ಭೂಮಿಯಿಂದ ಒಬ್ಬ ಸಲಹೆಗಾರ ಹೊಸ ಸಮವಸ್ತ್ರದ ಸಮೇತ ಬಂದಿಳಿಯುತ್ತಾನೆ. ಚಾನೆಲ್‌ನ ಕಿರಿಕಿರಿಯನ್ನೇ ಎತ್ತಿ ಕಥೆಯೊಳಗೆ ಇಟ್ಟುಬಿಟ್ಟಿದ್ದಾನೆ ಲೇಖಕ. ಆ ಕಂತು ನೋಡುವಾಗ ನಾನು ನಕ್ಕಷ್ಟು ಬೇರೆಲ್ಲೂ ನಗಲಿಲ್ಲ.

ಡಿಸ್ಕ್ ಕ್ರಮದಲ್ಲೇ ನೋಡಿದರೆ ಎಂಟು ಕಂತು ಒಟ್ಟಿಗೆ ಒಡನಾಡಿದ ಜನ ಒಂಬತ್ತನೆಯದರಲ್ಲಿ ಯಾಕೋ ಸಲಿಗೆ ಮರೆತವರ ಹಾಗೆ ಕಾಣುತ್ತಾರೆ. ಅದಕ್ಕೇ ನನ್ನ ಸಲಹೆ: ಪೀಠಿಕೆಯಾದ ‘ಎ ಕಾಲ್ ಟು ಆರ್ಮ್ಸ್’ ಟಿವಿ ಚಿತ್ರ ಎಲ್ಲಾದರೂ ಸಿಕ್ಕರೆ ನೋಡಿ, ನೇರ ಒಂಬತ್ತಕ್ಕೆ ಬನ್ನಿ, ಹದಿಮೂರರವರೆಗೆ ಹೋಗಿ, ಆಮೇಲೆ ಒಂದಕ್ಕೆ ವಾಪಸ್ ಬನ್ನಿ. ಒಂದನೇ ಕಂತಿನಲ್ಲಿ ತಂಡ ಆಗತಾನೇ ಸೇರುತ್ತಿರುತ್ತೆ. ಫ್ಲ್ಯಾಶ್‌ಬ್ಯಾಕ್ ಅಂದುಕೊಳ್ಳಿ, ಏನೂ ಕಷ್ಟ ಆಗಲ್ಲ.

ಯಾಕೆಂದರೆ ಆ ಒಂಬತ್ತನೆಯದು, ‘ರೇಸಿಂಗ್ ದ ನೈಟ್’, ಇಡೀ ಸೆಟ್‌ನಲ್ಲಿ ನಿಜಕ್ಕೂ ತೂಕದ ಕಂತು. ಸತ್ತಂತಿರುವ ಒಂದು ನಗರ. ಇಂಥದೇ ಪಿಡುಗು ತಗುಲಿ ಅಲ್ಲಿಯ ಜನ ತಮ್ಮನ್ನ ತಾವೇ ಹೆಪ್ಪುಗಟ್ಟಿಸಿಕೊಂಡು ಮಲಗಿದ್ದಾರೆ. ಮದ್ದು ಹುಡುಕೋಕೆ ಅವರು ಕಂಡುಕೊಂಡ ದಾರಿ ಏನು ಗೊತ್ತಾ? ಬಂದ ಪರಕೀಯರನ್ನ ಹಿಡಿದು ಕೊಯ್ದು ನೋಡೋದು. ಎಕ್ಸ್‌ಕ್ಯಾಲಿಬರ್‌ನವರು ಯಾವ ಕೆಲಸಕ್ಕೆ ಹೊರಟಿದ್ದಾರೋ ಅದೇ ಕೆಲಸ, ಅದೇ ತುರ್ತು. ನಮ್ಮವರು ಬದುಕಲಿ ಅಂತ ಬೇರೆಯವರ ಮೈಮೇಲೆ ಎಷ್ಟು ದೂರ ಕೈ ಹಾಕಬಹುದು? ಧಾರಾವಾಹಿ ಈ ಪ್ರಶ್ನೆಯಿಂದಲೇ ಶುರುವಾಗಬೇಕಿತ್ತು. ಅದರ ಬದಲು ಗುದ್ದಾಟದಿಂದ ಶುರುಮಾಡಿಸಿದರು.

ಹುಡುಗನಿಗೆ ಸಮಾಧಾನ ಸಿಕ್ಕಿದ್ದು ಹಡಗಿನ ಮುಖ್ಯ ಫಿರಂಗಿಯಲ್ಲಿ. ಒಂದು ಸಲ ಹಾರಿಸಿದರೆ ಹಡಗಿನ ಶಕ್ತಿಯೆಲ್ಲ ಅದಕ್ಕೇ ಬಸಿದುಹೋಗಿ ಒಂದು ನಿಮಿಷ ಯಾವುದೂ ಕೆಲಸ ಮಾಡಲ್ಲ. “ಒಂದು ನಿಮಿಷ ಸುಮ್ನೆ ಕೂತಿರ್ಬೇಕಾ?” ಅಂತ ಮೊದಲು ನಕ್ಕ. ಆಮೇಲೆ ತಾನೇ ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಹಾಕಿಕೊಂಡು ಕೂತ. ಅಷ್ಟು ದೊಡ್ಡ ಆಯುಧಕ್ಕೆ ಅಷ್ಟು ದೊಡ್ಡ ಬೆಲೆ. ಇಂಥ ಲೆಕ್ಕಾಚಾರ ಇದ್ದಾಗ ಯುದ್ಧದ ದೃಶ್ಯ ನೋಡೋಕೆ ನನಗೂ ಬೇಜಾರಿಲ್ಲ. (ಇದೇ ಕಥೆಯ ಬುಡದಿಂದ 2002ರಲ್ಲಿ ಬಂದ ಇನ್ನೊಂದು ಚಿಗುರು ‘ದ ಲೆಜೆಂಡ್ ಆಫ್ ದ ರೇಂಜರ್ಸ್’ ನೆನಪಿದೆಯಾ? ಅದರಲ್ಲಿ ಶೂನ್ಯದಲ್ಲಿ ತೇಲುತ್ತ ಗುದ್ದಿ, ಒದ್ದು ಫಿರಂಗಿ ಹಾರಿಸುತ್ತಾರೆ. ಅದು ಒಂದೇ ಕಂತಿಗೆ ನಿಂತಿತು.)

ಅಕ್ಕ ಸೋತಳು ಅಂತ ನಾನು ಅಂದುಕೊಂಡಿದ್ದು ಮೂರನೇ ಕಂತಿನಲ್ಲಿ. ಹಡಗಿನ ಎರಡನೇ ಅಧಿಕಾರಿ ಮ್ಯಾಥೆಸನ್ ಟೆಲಿಪಾತ್. ಪಾತ್ರಧಾರಿ ಡೇನಿಯಲ್ ಡೇ ಕಿಮ್, ಆಗಿನ್ನೂ ಅಷ್ಟು ಹೆಸರು ಮಾಡಿರಲಿಲ್ಲ. ಯುದ್ಧ ಮುಗಿದಿದೆ, ಸೈ ಕೋರ್ ಇಲ್ಲ, ಟೆಲಿಪಾತ್‌ಗಳು ಸ್ವತಂತ್ರರು. ಕಾಗದದ ಮೇಲೆ. ಅವನು ನಿಯಮ ಮುರಿದಿಲ್ಲ ಅಂತ ಖಾತ್ರಿ ಮಾಡಿಕೊಳ್ಳೋಕೆ ಇಲಾಖೆಯವನೊಬ್ಬ ಬಂದು ಅವನ ತಲೆಯೊಳಗೇ ತಪಾಸಣೆ ಮಾಡುತ್ತಾನೆ. ಕಿಮ್ ಅದಕ್ಕೆ ಸೊಟ್ಟ ಮುಖ ಕೂಡ ಮಾಡಲ್ಲ. ಅಭ್ಯಾಸ ಆದವನ ಹಾಗೆ ಬೆನ್ನು ನೆಟ್ಟಗೆ ಇಟ್ಟುಕೊಂಡು ಕೂರುತ್ತಾನೆ. ಆ ಬೆನ್ನು ನೋಡಿ ಅಕ್ಕ ಪಾಝ್ ಬಟನ್ ಒತ್ತಿದಳು. “ಗೆದ್ದವರ ಗತಿ ಇದಾ?” ಅಂದಳು.

“ನಾನು ಹೇಳಿದ್ದು ಇದನ್ನೇ,” ಅಂದೆ. “ಯುದ್ಧ ತೋರಿಸದೇನೇ ಎಲ್ಲ ಹೇಳಿಬಿಟ್ಟ ನೋಡು.”

“ಹುಚ್ಚ ಕಣೋ ನೀನು. ಇದನ್ನ ನೋಡಿದ ಮೇಲಂತೂ ಆ ಯುದ್ಧ ನನಗೆ ಬೇಕೇ ಬೇಕು.”

ಹೀಗಾಯಿತು ನೋಡಿ. ನಾನು ಸಾಕ್ಷಿ ಅಂತ ತಂದಿದ್ದನ್ನ ಅವಳು ತನ್ನ ಕಡೆಯ ಸಾಕ್ಷಿ ಮಾಡಿಕೊಂಡಳು.

ಉಳಿದದ್ದನ್ನ ಬೇಗ ಹೇಳ್ತೀನಿ. ಪೀಟರ್ ವುಡ್‌ವರ್ಡ್‌ನ ಗೇಲನ್, ತಂತ್ರಜ್ಞಾನವನ್ನೇ ಮಂತ್ರವಾಗಿ ಆಡಿಸುವ ಟೆಕ್ನೋಮೇಜ್, ಬಂದಾಗಲೆಲ್ಲ ತೆರೆ ತುಂಬಿಕೊಳ್ಳುತ್ತೆ. ‘ದ ನೀಡ್ಸ್ ಆಫ್ ಅರ್ಥ್’ ಅನ್ನೋ ಹನ್ನೊಂದನೇ ಕಂತಿನಲ್ಲಿ ಮದ್ದಿನ ಆಸೆಗೆ ಒಬ್ಬನನ್ನ ಬಿಡಿಸಿಕೊಂಡು ಬಂದರೆ ಅವನ ಹತ್ತಿರ ಇದ್ದದ್ದು ಅವನ ಲೋಕದಲ್ಲಿ ನಿಷೇಧವಾಗಿದ್ದ ಸಂಗೀತ, ಕಲೆ, ಸಾಹಿತ್ಯ, ತಪ್ಪಿಸಬೇಡಿ. ಸಂಗೀತದ ವಿಷಯದಲ್ಲಿ ಮಾತ್ರ ನಾವು ಮೂವರೂ ಒಂದಾದೆವು. ಮೂಲ ಧಾರಾವಾಹಿಗೆ ಸಂಗೀತ ಕೊಟ್ಟ ಕ್ರಿಸ್ಟಫರ್ ಫ್ರಾಂಕೆಯ ಜಾಗಕ್ಕೆ ಬಂದ ಎವನ್ ಚೆನ್‌ನ ಸಂಗೀತ ದೃಶ್ಯದ ಜತೆ ಕೂಡಲ್ಲ, ಪಕ್ಕದ ಕೋಣೆಯಲ್ಲಿ ಯಾರೋ ಬೇರೇನೋ ಹಾಕಿಕೊಂಡ ಹಾಗಿರುತ್ತೆ. ಗ್ರಾಫಿಕ್ಸ್‌ಗೆ ವಯಸ್ಸಾಗಿದೆ, ದೊಡ್ಡ ಟಿವಿಯಲ್ಲಿ ಚಿತ್ರ ಮಸುಕು.

ನಾನು ಕೊಂಡದ್ದು ಹಳೇ ಸೆಟ್. ಕೊನೆಯ ಡಿಸ್ಕ್ ನಡುವೆ ಸಿಕ್ಕಿಹಾಕಿಕೊಂಡು ಗಿಡಿಯನ್ ಬಾಯಿ ತೆರೆದವನು ತೆರೆದ ಹಾಗೇ ನಿಂತುಬಿಟ್ಟ. ಮಾರಿದವರಿಗೆ ಬರೆದೆ, ಉತ್ತರವಿಲ್ಲ. ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ಒರೆಸಿ ಹಾಕಿದಾಗ ಓಡಿತು. ಹಳೇದು ಕೊಳ್ಳೋರು ಮೊದಲ ದಿನವೇ ಎಲ್ಲ ಡಿಸ್ಕ್ ಹಾಕಿ ಪರೀಕ್ಷೆ ಮಾಡಿಕೊಳ್ಳಿ.

ಮೂಲ ನೋಡದವರು ಇದನ್ನ ಮುಟ್ಟಲೇಬೇಡಿ, ತಲೆಬುಡ ತಿಳಿಯಲ್ಲ. ನೋಡಿದವರಿಗೆ ಐದಕ್ಕೆ ಮೂರೂವರೆ. ಅಕ್ಕ ನಾಲ್ಕು ಕೊಟ್ಟಿದ್ದಾಳೆ, ಹುಡುಗ ಎರಡು.

ಚಿತ್ರೀಕರಣವಾಗದೇ ಉಳಿದ ಕಥೆಗಳೂ ಇವೆ, ಒಂದರಲ್ಲಿ ಮೂಲ ಧಾರಾವಾಹಿಯ ಖಳ, ಸೈ ಕೋರ್‌ನ ಆ ಬೆಸ್ಟರ್ ವಾಪಸ್ ಬರಬೇಕಿತ್ತಂತೆ ಅಂತ ಕಡೇ ದಿನ ಬಾಯಿ ತಪ್ಪಿ ಅಂದೆ. ಅಕ್ಕ ಡಿಸ್ಕ್‌ಗಳನ್ನ ಡಬ್ಬಿಗೆ ಹಾಕುತ್ತಿದ್ದವಳು ತಿರುಗಿದಳು.

“ಅದರ ಸ್ಕ್ರಿಪ್ಟ್ ಎಲ್ಲಿ ಸಿಗುತ್ತೋ?”