ಕುಂದಾಪುರದಿಂದ ಸೈಕಲ್: ಮರವಂತೆಯೋ, ಕೊಲ್ಲೂರೋ?

ಹೆಮ್ಮಾಡಿವರೆಗೆ ಎರಡಕ್ಕೂ ದಾರಿ ಒಂದೇ, ರಾಷ್ಟ್ರೀಯ ಹೆದ್ದಾರಿ 66. ಅಲ್ಲಿಂದ ನೇರ ಹೋದರೆ ಮರವಂತೆ: ಎಡಕ್ಕೆ ಅರಬ್ಬಿ ಸಮುದ್ರ, ಬಲಕ್ಕೆ ಸೌಪರ್ಣಿಕಾ ನದಿ. ಏರು ಇಲ್ಲವೆಂದೇ ಹೇಳಬಹುದು. ಆದರೆ ನೆರಳು ಕಡಿಮೆ, ಲಾರಿಗಳ ಭರಾಟೆ, ಮಧ್ಯಾಹ್ನದ ಮೇಲೆ ಕಡಲಗಾಳಿ. ಫೋಟೊಗೆಂದು ನಿಂತ ಕಾರಿನ ಬಾಗಿಲು ಯಾವಾಗ ತೆರೆದುಕೊಳ್ಳುತ್ತದೋ ಗೊತ್ತಾಗದು. ಬೆರಳು ಬ್ರೇಕಿನ ಮೇಲೇ ಇರಲಿ.

ಬಲಕ್ಕೆ ತಿರುಗಿದರೆ ವಂಡ್ಸೆ, ಚಿತ್ತೂರು ದಾಟಿ ಕೊಲ್ಲೂರು. ಗದ್ದೆ, ಅಡಿಕೆ ತೋಟ, ಆಮೇಲೆ ಕಾಡು. ಏರಿಳಿತ ಇದೆ, ತಿರುವುಗಳಲ್ಲಿ ಯಾತ್ರಿಕರ ಬಸ್ಸುಗಳೂ ಇವೆ. ಮಳೆಗಾಲದಲ್ಲಿ ರಸ್ತೆಯಂಚು ಜಾರುತ್ತದೆ. ಆದರೂ ಕಾಲಿಗೆ ಸ್ವಲ್ಪ ಅಭ್ಯಾಸವಿದ್ದರೆ ನನ್ನ ಓಟು ಇದಕ್ಕೇ. ಮರವಂತೆಯ ಆ ಚಂದ (ಚಂದವೇ, ಅನುಮಾನವಿಲ್ಲ) ಸೈಕಲ್ಲಿನಲ್ಲೂ ಬೇಗ ಮುಗಿದುಹೋಗುತ್ತದೆ. ಗೇರ್ ಇಲ್ಲದ ಸೈಕಲ್ಲಾದರೆ ಮಾತ್ರ ಬೆಳಬೆಳಗ್ಗೆ ಮರವಂತೆಗೇ ಹೋಗಿಬನ್ನಿ.