ಅವ್ವನ ದವಡೆಗೆ ಎಲುಬಿನ ಪುಡಿ ಹಾಕಿಸಿದ ಹುಬ್ಬಳ್ಳಿಯ ಕ್ಲಿನಿಕ್: ನಮ್ಮ ಅನುಭವ

ಗದಗದಿಂದ ಹಲ್ಲಿನ ಚಿಕಿತ್ಸೆಗೆ ಹುಬ್ಬಳ್ಳಿಗೆ ಹೋಗುವವರು ಜಾಸ್ತಿ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಅವ್ವನ ಕೆಳಗಿನ ದವಡೆ ಹಲ್ಲು ಕೀಳಿಸಿ ವರ್ಷಗಳೇ ಆಗಿದ್ದವು. ಇಂಪ್ಲಾಂಟ್ (ಕೃತಕ ಹಲ್ಲು ನಿಲ್ಲಿಸಲು ಎಲುಬಿನೊಳಗೆ ಕೂರಿಸುವ ತಿರುಪು) ಹಾಕಿಸೋಣ ಅಂದರೆ ಅದು ಕೂರುವಷ್ಟು ಎಲುಬೇ ಉಳಿದಿರಲಿಲ್ಲ. ಹಲ್ಲು ಹೋದ ಜಾಗದಲ್ಲಿ ಎಲುಬು ಕರಗುತ್ತಾ ಹೋಗುತ್ತದೆ, ಮೊದಲ ವರ್ಷದಲ್ಲೇ ಅಗಲ ಅರ್ಧದಷ್ಟು ಕಮ್ಮಿಯಾಗಬಹುದು.

ಮೊದಲು ಹೋದ ಕಡೆ, ಹೆಸರು ಬೇಡ, ‘ಸ್ಟೆಮ್ ಸೆಲ್ ಹಾಕಿ ಎಲುಬು ಬೆಳೆಸುತ್ತೇವೆ’ ಅಂದರು. ಸ್ಟೆಮ್ ಸೆಲ್ ಅಂದರೆ ಬೇರೆ ಬೇರೆ ಬಗೆಯ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ. ಆ ಸೆಲ್ ಎಲ್ಲಿಂದ ತೆಗೆಯುತ್ತೀರಿ ಅಂತ ಕೇಳಿದರೆ ಸರಿಯಾದ ಉತ್ತರ ಬರಲಿಲ್ಲ. ಎದ್ದು ಬಂದೆವು.

ಆಮೇಲೆ ಹೋಗಿದ್ದು ವಿದ್ಯಾನಗರದ ಈ ಕ್ಲಿನಿಕ್‌ಗೆ. ಡಾಕ್ಟರು ಸಿಬಿಸಿಟಿ ಸ್ಕ್ಯಾನ್ (ದವಡೆಯ 3ಡಿ ಎಕ್ಸ್‌ರೇ) ತೆರೆದು, ಪರದೆಯನ್ನು ಅವ್ವನ ಕಡೆಗೇ ತಿರುಗಿಸಿ, ಎಲುಬು ಎಲ್ಲಿ ತೆಳುವಾಗಿದೆ ಅಂತ ಅಳೆದು ತೋರಿಸಿದರು. ‘ನಿಮ್ಮ ರಕ್ತ ತಗೊಂಡು ಪಿಆರ್‌ಎಫ್ ಮಾಡ್ತೀವಿ ಅವ್ವಾರ, ಅದು ಸ್ಟೆಮ್ ಸೆಲ್ ಅಲ್ರೀ’ ಅಂದರು. ನನಗೆ ನಂಬಿಕೆ ಬಂದಿದ್ದೇ ಅಲ್ಲಿ. ಪಿಆರ್‌ಎಫ್ ಅಂದರೆ ನಮ್ಮದೇ ರಕ್ತವನ್ನು ಯಂತ್ರದಲ್ಲಿ ತಿರುಗಿಸಿ ತೆಗೆದ, ಪ್ಲೇಟ್‌ಲೆಟ್ ತುಂಬಿದ ಜೆಲ್ಲಿ. ಅದು ಗಾಯ ಬೇಗ ಮಾಯಲು ನೆರವಾಗುತ್ತದೆ, ಅದೇ ಎಲುಬಾಗುವುದಿಲ್ಲ. ನಿಜವಾದ ಸ್ಟೆಮ್ ಸೆಲ್ ಅಂದರೆ ಸೊಂಟದ ಎಲುಬಿನ ಮಜ್ಜೆಯಿಂದಲೋ ಹಲ್ಲಿನ ಒಳಗಿನ ಮೆದು ಭಾಗದಿಂದಲೋ ತೆಗೆಯುವಂಥದ್ದು. ಹಲ್ಲಿನೊಳಗೆ ಅವು ಇವೆ ಅಂತ ವಿಜ್ಞಾನಿಗಳು ವರದಿ ಮಾಡಿದ್ದೇ 2000ದಲ್ಲಿ. ದವಡೆಯ ಎಲುಬಿಗೆ ಇವನ್ನು ಬಳಸುವುದು ಇನ್ನೂ ಪ್ರಯೋಗದ ಹಂತದಲ್ಲೇ ಇದೆ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯೂ ಇಂಥದ್ದನ್ನು ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ಮಾಡಬೇಕು ಅನ್ನುತ್ತದೆ. ಅಂಥದ್ದಕ್ಕೆ ಮಾಮೂಲಿ ಕ್ಲಿನಿಕ್‌ನಲ್ಲಿ ದುಡ್ಡು ಕೇಳಿದರೆ ದಯವಿಟ್ಟು ಪ್ರಶ್ನೆ ಮಾಡಿ.

ಎಲುಬು ತೆಳುವಾದ ಜಾಗಕ್ಕೆ ಪುಡಿ ತುಂಬಿದರೆ ಅದರ ಆಸರೆಯಲ್ಲಿ ನಮ್ಮದೇ ಎಲುಬು ಬೆಳೆಯುತ್ತದೆ ಅಂದರು ಡಾಕ್ಟರು. ಅವ್ವ ಕೇಳಿದ್ದು ಒಂದೇ, ‘ಆ ಪುಡಿ ಯಾವುದರ ಎಲುಬು?’ ನಮ್ಮ ಮನೆಯಲ್ಲಿ ಮಾಂಸ ತಿನ್ನುವುದಿಲ್ಲ. ಡಾಕ್ಟರು ಮುಚ್ಚಿಡಲಿಲ್ಲ. ಜಾಸ್ತಿ ಬಳಕೆಯಲ್ಲಿರುವುದು ದನದ ಎಲುಬಿನಿಂದ ಮಾಡಿದ್ದು, ಅದರಲ್ಲಿನ ಜೀವಾಂಶವನ್ನೆಲ್ಲ ತೆಗೆದು ಖನಿಜ ಮಾತ್ರ ಉಳಿಸಿರುತ್ತಾರೆ. ದಾನಿಗಳಿಂದ ಬಂದ ಮನುಷ್ಯರ ಎಲುಬಿನದ್ದೂ ಇದೆ, ನಮ್ಮದೇ ಗದ್ದದಿಂದ ಸ್ವಲ್ಪ ಕೆರೆದು ತೆಗೆಯಲೂಬಹುದು, ಕ್ಯಾಲ್ಸಿಯಂ ಫಾಸ್ಫೇಟ್‌ನಿಂದ ತಯಾರಿಸಿದ ಸಿಂಥೆಟಿಕ್ ಪುಡಿಯೂ ಸಿಗುತ್ತದೆ. ದನದ್ದು ತುಂಬಾ ನಿಧಾನ ಕರಗುತ್ತದೆ, ಹಾಗಾಗಿ ಆಕಾರ ಚೆನ್ನಾಗಿ ಹಿಡಿದಿಡುತ್ತದೆ. ಸಿಂಥೆಟಿಕ್‌ನಲ್ಲಿ ಕೆಲವು ಬೇಗ ಕರಗುತ್ತವೆ, ಆದರೆ ಇಷ್ಟು ಸಣ್ಣ ಜಾಗಕ್ಕೆ ನಡೆಯುತ್ತದೆ ಅಂದರು. ಅವ್ವ ಅದನ್ನೇ ಆರಿಸಿಕೊಂಡಳು. ಇನ್ನೊಂದು ವಿಷಯ ನಮಗೆ ಗೊತ್ತೇ ಇರಲಿಲ್ಲ. ಪುಡಿಯ ಮೇಲೆ ಮುಚ್ಚುವ ಕೊಲಾಜನ್ ಪದರ ಸಾಮಾನ್ಯವಾಗಿ ಹಂದಿಯದ್ದೋ ದನದ್ದೋ ಆಗಿರುತ್ತದೆ. ಒಸಡು ಬೇಗ ಬೆಳೆದು ಎಲುಬಿನ ಜಾಗ ತುಂಬಿಕೊಳ್ಳದಿರಲಿ ಅಂತ ಅದನ್ನು ಹಾಕುವುದು. ಅವರೇ ನೆನಪಿಸಿ ಅದನ್ನೂ ಸಿಂಥೆಟಿಕ್ ತರಿಸಿದರು. ಕೇಳದಿದ್ದರೂ ಹೇಳಿದರಲ್ವಾ, ಇದು ದೊಡ್ಡ ಮಾತು.

ಆಪರೇಷನ್‌ಗೆ ಮೊದಲು ಎಚ್‌ಬಿಎ1ಸಿ ರಕ್ತಪರೀಕ್ಷೆ ಮಾಡಿಸಿ ಶುಗರ್ ಹತೋಟಿಯಲ್ಲಿದೆಯಾ ನೋಡಿದರು. ತಂಬಾಕು, ಗುಟ್ಕಾ ಇದೆಯಾ ಅಂತಲೂ ಕೇಳಿದರು, ಇದ್ದರೆ ಗ್ರಾಫ್ಟ್ (ತುಂಬಿದ ಪುಡಿ) ಹಿಡಿಯುವುದು ಕಷ್ಟವಂತೆ. ತೋಳಿನಿಂದ ರಕ್ತ ತೆಗೆದು ಯಂತ್ರದಲ್ಲಿ ತಿರುಗಿಸಿದ ಮೇಲೆ ಟ್ಯೂಬಿನ ತಳದಲ್ಲಿ ಕೆಂಪು, ನಡುವೆ ಹಳದಿ ಜೆಲ್ಲಿ. ಅದನ್ನು ಚಿಕ್ಕ ಡಬ್ಬಿಯಲ್ಲಿ ಒತ್ತಿ ತೆಳುವಾದ ಹಾಳೆ ಮಾಡಿದರು. ಪುಡಿ ನೋಡಲು ಥೇಟ್ ದಪ್ಪ ರವೆ.

ಮೊದಲ ದಿನಗಳಲ್ಲಿ ಕೆನ್ನೆ ಚೆನ್ನಾಗಿಯೇ ಊದಿತ್ತು. ರೊಟ್ಟಿ ಬಂದ್, ಬರೀ ಅಂಬಲಿ, ಮೆತ್ತಗಿನ ಅನ್ನ. ಆರು ತಿಂಗಳು ಕಾಯಲೇಬೇಕು ಅಂತ ಮೊದಲೇ ಹೇಳಿದ್ದರು. ಆಮೇಲೆ ಮತ್ತೆ ಸ್ಕ್ಯಾನ್ ಮಾಡಿದಾಗ ತೆಳುವಿದ್ದ ಜಾಗ ತುಂಬಿತ್ತು, ಇಂಪ್ಲಾಂಟ್ ಕೂತಿದೆ. ಖರ್ಚು ಕಮ್ಮಿಯೇನಲ್ಲ. ಆದರೆ ಪುಡಿ, ಪದರ, ಇಂಪ್ಲಾಂಟ್ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ ಬರೆದು, ಡಬ್ಬಿಯ ಮೇಲಿದ್ದ ಸ್ಟಿಕ್ಕರನ್ನೇ ಅವ್ವನ ಫೈಲಿಗೆ ಅಂಟಿಸಿ ಕೊಟ್ಟರು.

ತೊಂದರೆಯೂ ಇದೆ. ಶನಿವಾರ ವಿಪರೀತ ಗದ್ದಲ, ಅಪಾಯಿಂಟ್‌ಮೆಂಟ್ ಇದ್ದರೂ ತಾಸುಗಟ್ಟಲೆ ಕೂರಬೇಕು, ಫೋನ್ ಸುಲಭಕ್ಕೆ ಎತ್ತುವುದಿಲ್ಲ. ಕ್ಲಿನಿಕ್ ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ, ಮೊಣಕಾಲು ನೋವಿರುವ ಹಿರಿಯರನ್ನು ಕರೆತರುವವರು ಒಬ್ಬರನ್ನು ಜೊತೆಗೆ ಕರೆದುಕೊಂಡೇ ಬನ್ನಿ.